ಎಲ್ಲರೂ ತಿನ್ನುವಂಥ ಒಂದು ಟ್ರೇ

ಪ್ರೀತಿಯ ಮಕ್ಕಳೇ, ಪಕ್ಕದಲ್ಲಿ ಕನ್ನಡಕ ಏರಿಸಿಕೊಂಡು ಕೂತಿರುವ ಅಜ್ಜ ಅಜ್ಜಿಯರೇ,

ಈ ವಾರ ನಮ್ಮ ಅಡುಗೆಮನೆಯಲ್ಲಿ ಸ್ಲೈಡರ್. ಹೆಸರು ಕೇಳಿ ಗಾಬರಿಯಾಗಬೇಡಿ, ಪಾರ್ಕಿನ ಜಾರುಬಂಡೆಯ ವಿಷಯ ಅಲ್ಲ. ಒಂದಕ್ಕೊಂದು ಅಂಟಿಕೊಂಡಿರುವ ಪುಟ್ಟ ಪಾವ್‌ಗಳ ನಡುವೆ ಪಲ್ಯ, ಚಟ್ನಿ, ಚೀಸ್ ಇಟ್ಟು, ಇಡಿಯಾಗಿ ಓವನ್‌ನಲ್ಲಿ ಬೇಯಿಸಿ, ಆಮೇಲೆ ಒಂದೊಂದಾಗಿ ಬಿಡಿಸಿಕೊಂಡು ತಿನ್ನುವ ತಿಂಡಿ ಇದು. ಹುಟ್ಟುಹಬ್ಬಕ್ಕೆ ಹತ್ತು ಹನ್ನೆರಡು ಮಕ್ಕಳು ಬಂದರೆ ಒಬ್ಬೊಬ್ಬರಿಗೂ ದೋಸೆ ಹುಯ್ಯುತ್ತಾ ಒಲೆ ಮುಂದೆ ನಿಲ್ಲಬೇಕಾಗಿಲ್ಲ. ಟ್ರೇ ತಂದು ನಡುವೆ ಇಟ್ಟರೆ ಆಯಿತು.

ಮಾಡುವ ವಿಧಾನ ಹೇಳುವ ಮೊದಲು ಒಂದು ತಪ್ಪು ಒಪ್ಪಿಕೊಳ್ಳಬೇಕು. ತಪ್ಪು ನನ್ನದೇ.

ಹೋದ ವರ್ಷ ನನ್ನ ಮೊಮ್ಮಗಳು ಪುಟ್ಟಿಯ ಹುಟ್ಟುಹಬ್ಬಕ್ಕೆ ಪಾವ್ ಭಾಜಿ ಮಾಡಿದ್ದೆ. ದೊಡ್ಡ ಪಾತ್ರೆ ತುಂಬಾ ಭಾಜಿ, ಮೇಲೆ ಹಸಿ ಈರುಳ್ಳಿ, ಪಕ್ಕದಲ್ಲಿ ಒಂದು ಬುಟ್ಟಿ ಚಿಪ್ಸ್, ಬೇಕರಿಯಿಂದ ತಂದ ಕೇಕ್. ಮಕ್ಕಳೆಲ್ಲ ಗಲಾಟೆ ಮಾಡುತ್ತಾ ತಿಂದರು. ಒಬ್ಬ ಹುಡುಗಿ ಮಾತ್ರ ಒಂದು ಲೋಟ ಹಣ್ಣಿನ ರಸ ಹಿಡಿದು ಸೋಫಾದ ತುದಿಯಲ್ಲಿ ಕೂತಿದ್ದಳು.

"ಯಾಕಮ್ಮಾ, ಏನೂ ಹಾಕಿಸಿಕೊಳ್ಳಲಿಲ್ಲ?" ಅಂದೆ.

"ಹಸಿವಿಲ್ಲ ಅಜ್ಜಿ," ಅಂದಳು.

ನಾನು ನಂಬಿಬಿಟ್ಟೆ. ಅರವತ್ತೆಂಟು ವರ್ಷದವಳು, ನಾಲ್ಕು ಮೊಮ್ಮಕ್ಕಳನ್ನು ಎತ್ತಿ ಆಡಿಸಿದವಳು, ಸಂಜೆ ಏಳು ಗಂಟೆಗೆ ಆಟ ಆಡಿ ಬಂದ ಮಗುವಿಗೆ ಹಸಿವಿಲ್ಲ ಅಂದರೆ ನಂಬಿಬಿಟ್ಟೆ! ಎಲ್ಲರೂ ಹೋದ ಮೇಲೆ ತಟ್ಟೆ ಎತ್ತಿಡುವಾಗ ಪುಟ್ಟಿ ಹೇಳಿದಳು: "ಅಜ್ಜೀ, ಅವಳಿಗೆ ಹಸಿವಾಗಿತ್ತು. ಅವರು ಜೈನರು. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಯಾವುದೂ ತಿನ್ನಲ್ಲ. ಹೇಳೋಕೆ ನಾಚಿಕೆ ಅವಳಿಗೆ."

ನಾನು ಮಾಡಿದ್ದನ್ನು ಮನಸ್ಸಿನಲ್ಲೇ ಎಣಿಸಿದೆ. ಭಾಜಿಯಲ್ಲಿ ಮೂರೂ ಇತ್ತು. ಚಿಪ್ಸ್ ಆಲೂಗಡ್ಡೆಯದು. ಕೇಕಿಗೆ ಮೊಟ್ಟೆ ಹಾಕಿದ್ದರು. ನಮ್ಮ ಮನೆಗೆ ಬಂದ ಮಗು ಬರಿಹೊಟ್ಟೆಯಲ್ಲಿ, ಬಾಯಲ್ಲಿ ಒಂದು ಮರ್ಯಾದೆಯ ಸುಳ್ಳು ಹೇಳಿ, ಹಾಡು ಹಾಡಿ, ಚಪ್ಪಾಳೆ ತಟ್ಟಿ ಮನೆಗೆ ಹೋಗಿತ್ತು.

ಈ ವರ್ಷ ಪುಟ್ಟಿಗೆ ಹತ್ತು ತುಂಬಿತು. ಒಂದು ವಾರ ಮೊದಲೇ ಇಬ್ಬರೂ ಅಡುಗೆಮನೆಯ ಕಟ್ಟೆಯ ಹತ್ತಿರ ಕೂತೆವು. ನಾನು ಹೇಳಿದೆ: "ನೋಡು, ಎಲ್ಲರಿಗೂ ಆಲೂಗಡ್ಡೆ ಸ್ಲೈಡರ್ ಮಾಡೋಣ. ನಿನ್ನ ಗೆಳತಿಗೆ ಬೇರೆ ತಟ್ಟೆಯಲ್ಲಿ ಬೇರೆ ಮಾಡಿ ಇಡೋಣ."

ಪುಟ್ಟಿ ಪೆನ್ಸಿಲ್ ತುದಿ ಕಚ್ಚುತ್ತಾ ಕೇಳಿದಳು: "ಬೇರೆ ತಟ್ಟೆ ಇಟ್ಟರೆ ಎಲ್ಲರೂ ಅದು ಯಾರದು ಅಂತ ಕೇಳ್ತಾರಲ್ಲ ಅಜ್ಜಿ? ಎಲ್ಲರೂ ತಿನ್ನೋ ಥರ ಒಂದೇ ಮಾಡೋಕಾಗಲ್ವಾ?"

ಆಗುತ್ತೆ. ಯಾಕಾಗಲ್ಲ? ಆ ಪ್ರಶ್ನೆ ನನಗೆ ಹೊಳೆದಿರಲಿಲ್ಲ, ಅಷ್ಟೇ.

ಮೊದಲ ಕೆಲಸ: ಒಂದು ಫೋನ್

ಆ ಹುಡುಗಿಯ ಅಜ್ಜಿಗೆ ಫೋನ್ ಮಾಡಿದೆ. ಹೋದ ವರ್ಷದ್ದನ್ನು ಹೇಳಿ, "ತಪ್ಪಾಯ್ತು ರೀ" ಅಂದೆ. "ಅಯ್ಯೋ, ಬಿಡಿ, ಮಕ್ಕಳು ಆಡಿಕೊಂಡು ಬಂದರಲ್ಲ" ಅಂದರು. ಆಮೇಲೆ ಇಪ್ಪತ್ತು ನಿಮಿಷ ಮಾತಾಡಿದೆವು. ನನಗೆ ಗೊತ್ತಿಲ್ಲದಿದ್ದ ಎಷ್ಟೋ ವಿಷಯ ಗೊತ್ತಾಯಿತು.

ಅವರ ಮನೆಯಲ್ಲಿ ನೆಲದೊಳಗೆ ಬೆಳೆಯುವ ಗೆಡ್ಡೆ ಗೆಣಸು ಯಾವುದೂ ಇಲ್ಲ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಅಷ್ಟೇ ಅಲ್ಲ, ಕ್ಯಾರೆಟ್, ಬೀಟ್‌ರೂಟ್, ಮೂಲಂಗಿ, ಹಸಿ ಶುಂಠಿ ಕೂಡ ಇಲ್ಲ. ಗೆಡ್ಡೆ ಕಿತ್ತರೆ ಇಡೀ ಗಿಡವೇ ಸಾಯುತ್ತದೆ, ಮಣ್ಣಿನಲ್ಲಿ ಅದರ ಜೊತೆಗಿರುವ ಸಣ್ಣ ಸಣ್ಣ ಜೀವಿಗಳಿಗೂ ಹಿಂಸೆಯಾಗುತ್ತದೆ ಎಂಬುದು ಅವರ ನಂಬಿಕೆ. ಅಹಿಂಸೆ ಅವರಿಗೆ ಪುಸ್ತಕದ ಮಾತಲ್ಲ, ದಿನದ ಅಡುಗೆ. ಅವರ ಮನೆಯಲ್ಲಿ ಬೆಣ್ಣೆ ಬಳಸುವುದಿಲ್ಲ, ತುಪ್ಪ ಬಳಸುತ್ತಾರೆ. ಪಾವ್, ಚೀಸ್, ಪನೀರ್ ಮಕ್ಕಳು ತಿನ್ನುತ್ತಾರೆ. ಇನ್ನೊಂದು ಮಾತು ಕೇಳಿ ನಾನು ಸುಮ್ಮನಾದೆ: "ಸೂರ್ಯ ಮುಳುಗಿದ ಮೇಲೆ ನಾವು ಊಟ ಮಾಡಲ್ಲ ರೀ. ಅವಳೂ ನನ್ನ ಜೊತೆ ಬೇಗ ತಿಂದುಬಿಡ್ತಾಳೆ."

ಅಂದರೆ ಹೋದ ವರ್ಷ ನಾನು ಈರುಳ್ಳಿ ಹಾಕದೆ ಮಾಡಿದ್ದರೂ ಏಳು ಗಂಟೆಗೆ ಬಡಿಸಿದ್ದರೆ ಆ ಮಗು ತಿನ್ನುತ್ತಿರಲಿಲ್ಲ. ಬೆಂಗಳೂರಿನಲ್ಲಿ ಚಳಿಗಾಲದಲ್ಲಿ ಆರು ಗಂಟೆಯ ಆಸುಪಾಸಿಗೆ ಸೂರ್ಯ ಮುಳುಗುತ್ತಾನೆ. ಹಾಗಾಗಿ ಪಾರ್ಟಿಯನ್ನು ಮೂರೂವರೆಗೆ, ತಿಂಡಿಯನ್ನು ನಾಲ್ಕೂವರೆಗೆ ಇಟ್ಟೆವು. ಅದಕ್ಕೇನೂ ಖರ್ಚಿಲ್ಲ ನೋಡಿ!

"ಆಲೂಗಡ್ಡೆ ಬದಲು ನೀವೇನು ಹಾಕ್ತೀರಿ?" ಅಂತ ಕೇಳಿದೆ. "ಬಾಳೆಕಾಯಿ ಹಾಕಿ ನೋಡಿ," ಅಂದರು. "ಬೇಯಿಸಿ ಹಿಸುಕಿದರೆ ಯಾರಿಗೂ ಗೊತ್ತಾಗಲ್ಲ."

ಮಕ್ಕಳೇ, ಒಂದು ಎಚ್ಚರಿಕೆ. ಇದು ಆ ಒಂದು ಮನೆಯ ಪದ್ಧತಿ. ಇನ್ನೊಂದು ಜೈನರ ಮನೆಯಲ್ಲಿ ನಿಯಮ ಇದಕ್ಕಿಂತ ಬಿಗಿಯಾಗಿರಬಹುದು, ಸಡಿಲವಾಗಿಯೂ ಇರಬಹುದು. ಊಹೆ ಮಾಡಬೇಡಿ, ಕೇಳಿ. ಉಳಿದ ಗೆಳೆಯರ ಮನೆಗೂ ಕರೆಯುವಾಗಲೇ ಒಂದು ಮಾತು ಕೇಳಿ: "ತಿನ್ನಬಾರದ್ದು ಏನಾದರೂ ಇದೆಯಾ?" ಕೆಲವು ಮಕ್ಕಳಿಗೆ ಕಡಲೆಕಾಯಿ, ಗೋಡಂಬಿ, ಎಳ್ಳು, ಹಾಲು ಆಗುವುದಿಲ್ಲ. ಅದು ಇಷ್ಟಾನಿಷ್ಟದ ಪ್ರಶ್ನೆ ಅಲ್ಲ, ಒಂದು ತುತ್ತು ತಿಂದರೂ ಮೈ ದದ್ದೇಳಬಹುದು, ಉಸಿರಿಗೇ ತೊಂದರೆಯಾಗಬಹುದು. ಪುಟ್ಟಿ ಕರೆದ ಹತ್ತು ಜನರಲ್ಲಿ ಒಬ್ಬ ಹುಡುಗನಿಗೆ ಎಳ್ಳು ಆಗುವುದಿಲ್ಲ ಎಂದು ಹೀಗೆ ಕೇಳಿದ್ದರಿಂದಲೇ ತಿಳಿಯಿತು. ಸ್ಲೈಡರ್ ಮೇಲೆ ಸಾಮಾನ್ಯವಾಗಿ ಎಳ್ಳು ಉದುರಿಸುತ್ತಾರೆ. ನಾವು ಉದುರಿಸಲಿಲ್ಲ.

ಪಾವ್ ಎಲ್ಲಿಂದ ಬಂತು?

ಪಾವ್ ತರಲು ಬೇಕರಿಗೆ ಹೋಗುವಾಗ ಪುಟ್ಟಿ ಕೇಳಿದಳು: "ಅಜ್ಜಿ, ಅಕ್ಕಿ ಅಳೆಯೋ ಪಾವಿಗೂ ಈ ಪಾವ್‌ಗೂ ಏನು ಸಂಬಂಧ?"

ಅಜ್ಜ ಅಜ್ಜಿಯರಿಗೆ ಗೊತ್ತು, ನಾಲ್ಕು ಪಾವು ಸೇರಿದರೆ ಒಂದು ಸೇರು. ಆ ಪಾವು ಅಂದರೆ ಕಾಲು ಭಾಗ. ತಿನ್ನುವ ಪಾವ್‌ಗೂ ಹಾಗೇ ಹೆಸರು ಬಂತು ಎಂದು ಹೇಳುವವರಿದ್ದಾರೆ. ಆದರೆ ಆ ಪದ ಬಂದಿದ್ದು ಪೋರ್ಚುಗೀಸ್ ಭಾಷೆಯಿಂದ. ಅವರ ಭಾಷೆಯಲ್ಲಿ ಬ್ರೆಡ್ಡಿಗೆ 'ಪಾಂವ್' ಎಂಬಂತೆ ಮೂಗಿನಲ್ಲಿ ಉಚ್ಚರಿಸುವ ಪದವಿದೆ. 1510ರಲ್ಲಿ ಪೋರ್ಚುಗೀಸರು ಗೋವಾ ಹಿಡಿದರು. ಅವರಿಗೆ ದಿನವೂ ಬ್ರೆಡ್ ಬೇಕು. ಹಿಟ್ಟು ಉಬ್ಬಿಸಲು ಯೀಸ್ಟ್ ಸಿಗದಿದ್ದಾಗ ಗೋವಾದಲ್ಲಿ ತೆಂಗಿನ ಮರದ ಸೇಂದಿ ಬೆರೆಸಿ ಹಿಟ್ಟು ಹುದುಗಿಸುತ್ತಿದ್ದರು. ಸೇಂದಿಯಲ್ಲಿ ತಾನಾಗಿಯೇ ಬೆಳೆದ ಯೀಸ್ಟ್ ಇರುತ್ತದೆ. ಇವತ್ತಿಗೂ ಗೋವಾದ ಬೀದಿಗಳಲ್ಲಿ ಬೆಳಿಗ್ಗೆ ಸೈಕಲ್ಲಿನ ಹಾರ್ನ್ ಒತ್ತುತ್ತಾ ಪಾವ್ ಮಾರುವವರು ಬರುತ್ತಾರೆ. ಅವರಿಗೆ ಅಲ್ಲಿ ಪೊದೇರ್ ಅನ್ನುತ್ತಾರೆ. ಗೋವಾದಿಂದ ಮುಂಬೈಗೆ ಹೋದ ಪಾವ್ ಅಲ್ಲಿ ವಡೆಯ ಜೊತೆ, ಭಾಜಿಯ ಜೊತೆ ಸೇರಿ, ನಮ್ಮೂರಿಗೂ ಬಂತು.

ನಮ್ಮಲ್ಲಿ ಬ್ರೆಡ್ಡು ಬನ್ನನ್ನು ಮನೆಮಾತಾಗಿಸಿದವರು ಅಯ್ಯಂಗಾರ್ ಬೇಕರಿಯವರು. ಹಾಸನ ಜಿಲ್ಲೆಯ ಕಡೆಯಿಂದ ಬಂದ ಕುಟುಂಬಗಳು ಬೆಂಗಳೂರಿನಲ್ಲಿ ಬೇಕರಿ ತೆರೆದು, ಮೊಟ್ಟೆ ಇಲ್ಲದ ತಿನಿಸುಗಳಿಂದಲೇ ಹೆಸರು ಮಾಡಿದವು. ಮೊಟ್ಟೆ ಮುಟ್ಟದ ಅಜ್ಜಿಯರೂ ಧೈರ್ಯವಾಗಿ ಬನ್ ತಿನ್ನುವಂತಾಯಿತು. ಎಲ್ಲರೂ ತಿನ್ನಲಿ ಎಂದು ಯೋಚಿಸಿದರೆ ವ್ಯಾಪಾರವೂ ನಡೆಯುತ್ತದೆ ಎಂಬುದಕ್ಕೆ ನಮ್ಮ ಬೀದಿ ಬೀದಿಯಲ್ಲೂ ಸಾಕ್ಷಿ ಇದೆ.

ಸ್ಲೈಡರ್ ಮಾತ್ರ ಅಮೆರಿಕದ್ದು. ಅಲ್ಲಿನ ಕಾನ್ಸಾಸ್ ರಾಜ್ಯದ ವಿಚಿಟಾ ಎಂಬ ಊರಿನಲ್ಲಿ 1921ರಲ್ಲಿ ವೈಟ್ ಕ್ಯಾಸಲ್ ಎಂಬ ಅಂಗಡಿ ತೆರೆದು ಪುಟ್ಟ ಪುಟ್ಟ ಬರ್ಗರ್ ಮಾರಲು ಶುರುಮಾಡಿದರು. ಒಂದಕ್ಕೆ 5 ಸೆಂಟ್. ಆ ಬಗೆಯ ಪುಟ್ಟ ಬರ್ಗರಿಗೆ ಸ್ಲೈಡರ್ ಎಂಬ ಹೆಸರು ನಿಂತಿತು. ಅದು ಮಾಂಸದ ತಿಂಡಿ, ಈರುಳ್ಳಿಯ ಹಾಸಿನ ಮೇಲೆ ಬೇಯಿಸುವುದಕ್ಕೇ ಪ್ರಸಿದ್ಧಿ. ನಾವು ಮಾಂಸವನ್ನೂ ತೆಗೆದೆವು, ಈರುಳ್ಳಿಯನ್ನೂ ತೆಗೆದೆವು. ಉಳಿದಿದ್ದು ಆ ಪುಟ್ಟ ಅಳತೆ ಮತ್ತು ಹೆಸರು. ಅಷ್ಟು ಸಾಕು.

ಬೇಕಾಗುವ ಸಾಮಾನು (12 ಸ್ಲೈಡರ್‌ಗೆ)

ಅಂಟಿಕೊಂಡಿರುವ ಪಾವ್ – 12 (ಆರರ ಎರಡು ಹಾಳೆ)
ಬಾಳೆಕಾಯಿ – 3
ಪನೀರ್ – 100 ಗ್ರಾಂ
ದಪ್ಪ ಮೆಣಸಿನಕಾಯಿ – 1
ಬಿಡಿಸಿದ ಸ್ವೀಟ್ ಕಾರ್ನ್ – ಅರ್ಧ ಬಟ್ಟಲು
ಟೊಮೆಟೊ – 2
ಚೀಸ್ – 150 ಗ್ರಾಂ, ತುರಿದದ್ದು
ತುಪ್ಪ – 4 ಚಮಚ
ಜೀರಿಗೆ – 1 ಚಮಚ, ಅಚ್ಚ ಖಾರದ ಪುಡಿ – 1 ಚಮಚ, ಕರಿಮೆಣಸಿನ ಪುಡಿ – ಕಾಲು ಚಮಚ
ನಿಂಬೆಹಣ್ಣು – 1, ಉಪ್ಪು – ರುಚಿಗೆ

ಚಟ್ನಿಗೆ: ಕೊತ್ತಂಬರಿ ಸೊಪ್ಪು ಒಂದು ಹಿಡಿ, ಪುದೀನ ಅರ್ಧ ಹಿಡಿ, ಹಸಿಮೆಣಸಿನಕಾಯಿ 2, ಹುರಿಗಡಲೆ 2 ದೊಡ್ಡ ಚಮಚ, ಉಪ್ಪು, ಅರ್ಧ ನಿಂಬೆಹಣ್ಣಿನ ರಸ.

ಪಾವ್ ಮತ್ತು ಚೀಸ್ ಕೊಳ್ಳುವಾಗ ಪೊಟ್ಟಣ ತಿರುಗಿಸಿ ನೋಡುವುದು ಮಕ್ಕಳ ಕೆಲಸ. ಹಸಿರು ಚೌಕದೊಳಗೆ ಹಸಿರು ಚುಕ್ಕೆ ಇದ್ದರೆ ಸಸ್ಯಾಹಾರ. ಕಂದು ಚೌಕದೊಳಗೆ ಕಂದು ತ್ರಿಕೋನ ಇದ್ದರೆ ಅಲ್ಲ, ಮೊಟ್ಟೆ ಹಾಕಿದ್ದಕ್ಕೂ ಅದೇ ಗುರುತು. ಬೇಕರಿಯಲ್ಲಿ ಬಿಡಿಯಾಗಿ ಕೊಂಡರೆ ಗುರುತು ಇರುವುದಿಲ್ಲ, ಹೊಳಪಿಗಾಗಿ ಮೇಲೆ ಮೊಟ್ಟೆ ಸವರಿದ್ದಾರೆಯೇ, ಎಳ್ಳು ಹಾಕಿದ್ದಾರೆಯೇ ಎಂದು ಬಾಯಿಬಿಟ್ಟು ಕೇಳಿ.

ಮಾಡುವುದು ಹೀಗೆ

ಮೊದಲು ಬಾಳೆಕಾಯಿ. ಕೈಗೆ ಸ್ವಲ್ಪ ಎಣ್ಣೆ ಸವರಿಕೊಂಡೇ ಮುಟ್ಟಿ, ಇಲ್ಲದಿದ್ದರೆ ಅದರ ಸೊನೆ ಅಂಟಿ ಬೆರಳು ಕಪ್ಪಾಗುತ್ತದೆ, ಬಟ್ಟೆಗೆ ಬಿದ್ದರೆ ಕಲೆ ಹೋಗುವುದಿಲ್ಲ. ಎರಡೂ ತುದಿ ಕತ್ತರಿಸಿ, ಒಂದೊಂದನ್ನು ಎರಡು ತುಂಡು ಮಾಡಿ, ಸಿಪ್ಪೆ ಸಮೇತ ಕುಕ್ಕರಿನಲ್ಲಿ ಇಡಿ. ನೀರಿನೊಳಗೆ ಮುಳುಗಿಸಬೇಡಿ, ತಟ್ಟೆಯಲ್ಲಿಟ್ಟು ಹಬೆಯಲ್ಲಿ ಎರಡು ಕೂಗು ಬೇಯಿಸಿದರೆ ಒಳಗೆ ನೀರು ಹಿಡಿಯುವುದಿಲ್ಲ. ಆರಿದ ಮೇಲೆ ಸಿಪ್ಪೆ ತಾನಾಗಿಯೇ ಬಿಟ್ಟುಕೊಳ್ಳುತ್ತದೆ. ಹಿಸುಕುವ ಕೆಲಸ ಮಕ್ಕಳಿಗೆ ಬಿಡಿ. ಪುಟ್ಟಿ ಹಿಸುಕುವಾಗ ಮೂಸಿ ನೋಡಿ, "ಅಜ್ಜಿ, ಆಲೂಗಡ್ಡೆ ವಾಸನೆನೇ!" ಅಂದಳು.

ಬಾಣಲೆಯಲ್ಲಿ ಎರಡು ಚಮಚ ತುಪ್ಪ ಬಿಸಿ ಮಾಡಿ ಜೀರಿಗೆ ಸಿಡಿಸಿ. ಸಣ್ಣಗೆ ಹೆಚ್ಚಿದ ಟೊಮೆಟೊ ಹಾಕಿ, ಉಪ್ಪು ಹಾಕಿ, ಅದು ಕರಗಿ ನೀರೆಲ್ಲ ಇಂಗುವ ತನಕ ಬಾಡಿಸಿ. ಆಮೇಲೆ ದಪ್ಪ ಮೆಣಸಿನಕಾಯಿ, ಜೋಳ ಹಾಕಿ ಐದು ನಿಮಿಷ. ಖಾರದ ಪುಡಿ, ಕರಿಮೆಣಸು ಹಾಕಿ, ಹಿಸುಕಿದ ಬಾಳೆಕಾಯಿ, ತುರಿದ ಪನೀರ್ ಸೇರಿಸಿ ಕೆದಕಿ. ಪಲ್ಯ ಬಾಣಲೆಯ ತಳ ಬಿಟ್ಟು ಉಂಡೆಯಾಗುವಂತಾದರೆ ಸರಿ. ಉರಿ ಆರಿಸಿ ನಿಂಬೆರಸ ಹಿಂಡಿ. ಈಗ ಪೂರ್ತಿ ಆರಲು ಬಿಡಿ. ಇಲ್ಲಿ ಅವಸರ ಮಾಡಿದರೆ ತಿಂಡಿ ಕೆಡುತ್ತದೆ. ಬಿಸಿ ಪಲ್ಯದಿಂದ ಏಳುವ ಹಬೆ ಪಾವ್‌ನೊಳಗೆ ನೀರಾಗಿ ಇಳಿದು ಅದನ್ನು ಮುದ್ದೆ ಮಾಡುತ್ತದೆ.

ಚಟ್ನಿಯನ್ನು ಆದಷ್ಟು ಕಡಿಮೆ ನೀರಿನಲ್ಲಿ ರುಬ್ಬಿ. ಹುರಿಗಡಲೆ ಹಾಕುವುದು ರುಚಿಗೆ ಮಾತ್ರವಲ್ಲ, ಅದು ಸೊಪ್ಪಿನ ನೀರನ್ನು ಹೀರಿಕೊಂಡು ಚಟ್ನಿಯನ್ನು ಗಟ್ಟಿ ಮಾಡುತ್ತದೆ.

ಪಾವ್ ಕತ್ತರಿಸುವುದು ದೊಡ್ಡವರ ಕೆಲಸ. ಆರು ಪಾವ್‌ಗಳನ್ನು ಬಿಡಿಸಬೇಡಿ! ಇಡೀ ಹಾಳೆಯನ್ನು ಕಟ್ಟೆಯ ಮೇಲಿಟ್ಟು, ಮೇಲಿನಿಂದ ಅಂಗೈಯನ್ನು ಹಗುರವಾಗಿ ಇಟ್ಟು, ಗರಗಸದಂಥ ಹಲ್ಲಿರುವ ಬ್ರೆಡ್ ಚಾಕುವಿನಿಂದ ಅಡ್ಡಡ್ಡಲಾಗಿ ಎರಡು ಪದರ ಮಾಡಿ. ಕೆಳಗೆ ಆರರ ಒಂದು ಹಾಸಿಗೆ, ಮೇಲೆ ಆರರ ಒಂದು ಹೊದಿಕೆ ಆಗಬೇಕು. ಈ ಸ್ಲೈಡರಿನ ಗುಟ್ಟೆಲ್ಲ ಇಲ್ಲೇ ಇದೆ. ಒಂದೊಂದನ್ನೂ ಬೇರೆ ಮಾಡಿ ತುಂಬಿಸಿದರೆ ಹನ್ನೆರಡು ಸಲ ಕೆಲಸ, ಹೀಗಾದರೆ ಎರಡೇ ಸಲ.

ಇನ್ನು ಜೋಡಣೆ, ಪೂರ್ತಿ ಮಕ್ಕಳದು. ಟ್ರೇಗೆ ತುಪ್ಪ ಸವರಿ ಕೆಳಗಿನ ಪದರ ಇಡಿ. ಮೊದಲು ಅರ್ಧ ಚೀಸ್, ಅದರ ಮೇಲೆ ಪಲ್ಯವನ್ನು ಅಂಚಿನ ತನಕ ಒಂದೇ ಸಮನಾಗಿ ಹರಡಿ, ಮೇಲೆ ಉಳಿದ ಚೀಸ್. ಮೇಲಿನ ಪದರದ ಒಳಮೈಗೆ ಚಟ್ನಿ ಸವರಿ ಮುಚ್ಚಿ. ಚೀಸ್ ಎರಡು ಕಡೆ ಯಾಕೆ ಗೊತ್ತೇ? ಕರಗಿದ ಚೀಸ್ ಮೇಲೆ ಕೆಳಗೆ ಅಂಟಿನಂತೆ ಹಿಡಿದುಕೊಳ್ಳುತ್ತದೆ, ಬಿಡಿಸುವಾಗ ಪಲ್ಯ ಉದುರುವುದಿಲ್ಲ. ಕೊನೆಗೆ ಕರಗಿದ ತುಪ್ಪವನ್ನು ಚಮಚದ ಹಿಂಬದಿಯಿಂದ ಮೇಲೆಲ್ಲ ಸವರಿ, ಸಣ್ಣಗೆ ಹೆಚ್ಚಿದ ಕೊತ್ತಂಬರಿ ಉದುರಿಸಿ.

ಓವನ್ ಅನ್ನು 180 ಡಿಗ್ರಿ ಸೆಲ್ಸಿಯಸ್‌ಗೆ ಇಟ್ಟು ಹತ್ತು ನಿಮಿಷ ಮೊದಲೇ ಕಾಯಿಸಿ. ಟ್ರೇಯನ್ನು ಅಲ್ಯೂಮಿನಿಯಂ ಹಾಳೆಯಿಂದ ಮುಚ್ಚಿ ಹತ್ತು ನಿಮಿಷ, ಆಮೇಲೆ ಹಾಳೆ ತೆಗೆದು ಐದಾರು ನಿಮಿಷ. ಮೇಲ್ಭಾಗ ಹೊಂಬಣ್ಣಕ್ಕೆ ಬಂದರೆ ಆಯಿತು. ಒಂದೊಂದು ಓವನ್ನಿನ ಸ್ವಭಾವ ಒಂದೊಂದು ಥರ, ಕೊನೆಯ ಐದು ನಿಮಿಷ ಅಲ್ಲಿಂದ ಕದಲಬೇಡಿ. ಓವನ್ ಒಳಗೆ ಇಡುವುದು, ತೆಗೆಯುವುದು ದೊಡ್ಡವರೇ.

ಓವನ್ ಇಲ್ಲದಿದ್ದರೆ

ಬೇಜಾರು ಬೇಡ. ದಪ್ಪ ತಳದ ದೋಸೆ ಹೆಂಚಿಗೆ ತುಪ್ಪ ಸವರಿ, ಜೋಡಿಸಿದ ಹಾಳೆಯನ್ನು ಇಟ್ಟು, ಎತ್ತರದ ಮುಚ್ಚಳ ಮುಚ್ಚಿ, ತೀರಾ ಸಣ್ಣ ಉರಿಯಲ್ಲಿ ಎಂಟು ಹತ್ತು ನಿಮಿಷ ಬಿಡಿ. ಚೀಸ್ ಕರಗಿದ ಮೇಲೆ, ಅಗಲವಾದ ತಟ್ಟೆಯೊಂದನ್ನು ಮೇಲೆ ಒತ್ತಿ ಮಗುಚಿ, ಮತ್ತೆ ಹೆಂಚಿಗೆ ಜಾರಿಸಿ, ಮೇಲ್ಭಾಗವನ್ನೂ ಎರಡು ನಿಮಿಷ ಕೆಂಪಗೆ ಮಾಡಿ. ಸ್ಲೈಡರ್ ಎಂಬ ಹೆಸರು ಆಗ ನಿಜವಾಗಿಯೂ ಸಾರ್ಥಕ! ನಮ್ಮ ಕಾಲದಲ್ಲಿ ಬಾಣಲೆಗೆ ಮರಳು ಹಾಕಿ, ಅದರ ಮೇಲೆ ಡಬ್ಬಿ ಇಟ್ಟು, ಮುಚ್ಚಳದ ಮೇಲೆ ಕೆಂಡ ಸುರಿದು ಕೇಕ್ ಬೇಯಿಸಿದವರಿದ್ದಾರೆ. ಅಜ್ಜಿಯರೇ, ನಿಮ್ಮ ನೆನಪಿನಲ್ಲಿದ್ದರೆ ಮಕ್ಕಳಿಗೆ ಹೇಳಿ.

ಪುಟ್ಟಿಯ ಪ್ರಶ್ನೆ, ತಾತನ ಉತ್ತರ

ಟ್ರೇ ಒಳಗೆ ಹೋದ ಮೇಲೆ ಪುಟ್ಟಿ ಓವನ್ನಿನ ಗಾಜಿನ ಮುಂದೆ ಕೂತಳು. ಅವಳ ತಾತ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವರು, ಪ್ರಶ್ನೆ ಸಿಕ್ಕರೆ ಬಿಡುವವರಲ್ಲ.

"ಪಾವ್‌ಗಳು ಒಂದಕ್ಕೊಂದು ಯಾಕೆ ಅಂಟಿಕೊಂಡಿರ್ತವೆ ತಾತ?"

"ಬೇಕರಿಯವರು ಹಿಟ್ಟಿನ ಉಂಡೆಗಳನ್ನ ಸ್ವಲ್ಪ ದೂರ ದೂರ ಇಟ್ಟಿರ್ತಾರೆ. ಯೀಸ್ಟ್ ಹಿಟ್ಟಿನೊಳಗಿನ ಸಕ್ಕರೆ ತಿಂದು ಕಾರ್ಬನ್ ಡೈಆಕ್ಸೈಡ್ ಅನಿಲ ಬಿಡುತ್ತೆ. ಉಂಡೆಗಳು ಉಬ್ಬಿ ಉಬ್ಬಿ ಪಕ್ಕದ್ದಕ್ಕೆ ತಾಗಿಕೊಳ್ತವೆ. ತಾಗಿದ ಕಡೆ ಬಿಸಿ ಗಾಳಿ ನೇರವಾಗಿ ಹೋಗಲ್ಲ. ಅಲ್ಲಿ ಗಟ್ಟಿ ಸಿಪ್ಪೆ ಬರಲ್ಲ, ಬೆಳ್ಳಗೆ ಮೆತ್ತಗೆ ಉಳಿಯುತ್ತೆ."

"ಹಾಳೆ ಮೊದಲು ಮುಚ್ಚಿ ಆಮೇಲೆ ಯಾಕೆ ತೆಗೆಯೋದು?"

"ಮುಚ್ಚಿದಾಗ ಹಬೆ ಒಳಗೇ ಉಳಿದು ಚೀಸ್ ಕರಗುತ್ತೆ, ಪಾವ್ ಒಣಗಲ್ಲ. ಆದರೆ ಒದ್ದೆ ಇರೋ ತನಕ ಮೇಲ್ಮೈ 100 ಡಿಗ್ರಿ ದಾಟೋದು ಕಷ್ಟ, ಶಾಖವೆಲ್ಲ ನೀರನ್ನ ಆವಿ ಮಾಡೋದಕ್ಕೇ ಹೋಗುತ್ತೆ. ತೆರೆದಾಗ ನೀರು ಆರಿ, ಬಿಸಿ ಏರಿ, ಸುಮಾರು 140 ಡಿಗ್ರಿ ಆದಮೇಲೆ ಹಿಟ್ಟಿನಲ್ಲಿರೋ ಪ್ರೋಟೀನು ಸಕ್ಕರೆ ಸೇರಿ ಚೆನ್ನಾಗಿ ಕೆಂಪಾಗುತ್ತೆ. ಆ ಘಮಘಮ ಅದರದ್ದೇ. 1912ರಲ್ಲಿ ಮೈಲಾರ್ಡ್ ಅನ್ನೋ ಫ್ರಾನ್ಸಿನ ವಿಜ್ಞಾನಿ ಇದರ ಬಗ್ಗೆ ಬರೆದ. ಅದಕ್ಕೇ ಇವತ್ತಿಗೂ ಅವನ ಹೆಸರಿನಲ್ಲೇ ಕರೀತಾರೆ. ದೋಸೆ ಕೆಂಪಾಗೋದೂ ಅದೇ."

"ಬೆಣ್ಣೆ ಬದಲು ತುಪ್ಪ ಹಾಕಿದ್ರೆ ಚೆನ್ನಾಗಿ ಬರುತ್ತಾ?"

"ಇನ್ನೂ ಚೆನ್ನಾಗಿ ಬರುತ್ತೆ ಕಣೇ. ಬೆಣ್ಣೇಲಿ ನೂರರಲ್ಲಿ ಹದಿನೈದು ಹದಿನಾರು ಪಾಲು ನೀರು. ಕಾಯಿಸಿ ಆ ನೀರನ್ನ ಓಡಿಸಿದ್ರೇನೇ ತುಪ್ಪ. ನೀರಿಲ್ಲ ಅಂದಮೇಲೆ ಮೇಲ್ಭಾಗ ಬೇಗ ಗರಿಗರಿ ಆಗುತ್ತೆ."

ನೋಡಿ, ಒಂದು ಮನೆಯ ನಿಯಮಕ್ಕಾಗಿ ಬೆಣ್ಣೆ ಬಿಟ್ಟೆವು, ನಮಗೇ ಲಾಭವಾಯಿತು.

ಎಷ್ಟು ಮಾಡಬೇಕು?

ಇದು ಮಕ್ಕಳ ಲೆಕ್ಕ. ಬರುವವರು ಹತ್ತು ಜನ, ಪುಟ್ಟಿ ಸೇರಿ ಹನ್ನೊಂದು. ತಲೆಗೆ ಎರಡು ಅಂದರೆ ಇಪ್ಪತ್ತೆರಡು. ಹಾಳೆಯಲ್ಲಿ ಆರು ಇರುವುದರಿಂದ ನಾಲ್ಕು ಹಾಳೆ ಬೇಕು, ಇಪ್ಪತ್ತನಾಲ್ಕು ಆಗುತ್ತದೆ. ಉಳಿದ ಎರಡು ಯಾರಿಗೆ? "ತಾತಂಗೆ ಒಂದು, ಅಜ್ಜಿಗೆ ಒಂದು," ಎಂದು ಪುಟ್ಟಿ ಚೀಟಿಯಲ್ಲಿ ಬರೆದಳು. ನಮ್ಮ ಓವನ್ನಿನಲ್ಲಿ ಒಂದು ಸಲಕ್ಕೆ ಎರಡು ಹಾಳೆ ಹಿಡಿಯುತ್ತದೆ. ಹಾಗಾಗಿ ಎರಡು ಸರದಿ, ಮೇಲಿನ ಸಾಮಾನೆಲ್ಲ ಎರಡರಷ್ಟು. ನೀವು ಕರೆಯುವವರು ಹದಿನೈದು ಜನ, ತಲೆಗೆ ಎರಡು ಆದರೆ ಎಷ್ಟು ಹಾಳೆ? ಲೆಕ್ಕ ಮಾಡಿ ತೋರಿಸಿ.

ಪಲ್ಯ, ಚಟ್ನಿ ಬೆಳಿಗ್ಗೆಯೇ ಮಾಡಿ ಫ್ರಿಜ್ಜಿನಲ್ಲಿಡಬಹುದು. ಆದರೆ ಪಾವ್‌ಗೆ ತುಂಬುವುದು ಬೇಯಿಸುವ ಅರ್ಧ ಗಂಟೆ ಮೊದಲು ಮಾತ್ರ. ಮಧ್ಯಾಹ್ನವೇ ತುಂಬಿಟ್ಟರೆ ಸಂಜೆಗೆ ತಳ ಒದ್ದೆಯಾಗಿರುತ್ತದೆ. ಓವನ್ನಿನಿಂದ ತೆಗೆದ ಮೇಲೆ ಐದು ನಿಮಿಷ ಸುಮ್ಮನೆ ಬಿಡಿ. ಕರಗಿದ ಚೀಸ್ ನಾಲಿಗೆ ಸುಡುತ್ತದೆ, ಚಿಕ್ಕವರಿಗೆ ಇದು ಹೇಳಿದರೂ ಕೇಳುವುದಿಲ್ಲ. ಹಲ್ಲಿನ ತೊಂದರೆ ಇರುವ ಹಿರಿಯರಿಗೆ ಒಂದು ಹಾಳೆಯನ್ನು ತೆರೆದಿಡದೆ ಪೂರ್ತಿ ಮುಚ್ಚಿಯೇ ಬೇಯಿಸಿ, ಮೆತ್ತಗಿರುತ್ತದೆ.

ಆ ದಿನ

ನಾಲ್ಕೂವರೆಗೆ ಟ್ರೇಯನ್ನು ಹಾಲಿನ ನಡುವೆ, ಚಾಪೆಯ ಮೇಲಿಟ್ಟೆ. ಯಾರದು ಯಾವುದು ಎಂದು ಯಾರೂ ಕೇಳಲಿಲ್ಲ, ಎಲ್ಲವೂ ಎಲ್ಲರದೇ ಆಗಿತ್ತಲ್ಲ. ಹನ್ನೊಂದು ಕೈ ಒಟ್ಟಿಗೆ ನುಗ್ಗಿದವು. ಎಳ್ಳು ಆಗದ ಹುಡುಗ ಮೂರು ತಿಂದ. "ಆಲೂ ಸೂಪರ್ ಆಂಟಿ," ಎಂದು ಒಬ್ಬ ನನ್ನ ಸೊಸೆಗೆ ಹೇಳಿದ. ಪುಟ್ಟಿ ನನ್ನ ಕಡೆ ನೋಡಿ ಬಾಯಿ ಮುಚ್ಚಿಕೊಂಡು ನಕ್ಕಳು.

ಆ ಹುಡುಗಿ ಮೊದಲು ಟ್ರೇಯನ್ನೇ ನೋಡುತ್ತಾ ನಿಂತಳು. ಕೇಳಬೇಕೋ ಬೇಡವೋ ಎಂಬ ಅದೇ ಮುಖ. ನಾನು ಹತ್ತಿರ ಹೋಗಿ ಮೆಲ್ಲಗೆ, "ಬಾಳೆಕಾಯಿ ಹಾಕಿದ್ದೀನಿ ಮಗಳೇ. ನಿಮ್ಮಜ್ಜಿ ಹೇಳಿಕೊಟ್ಟಿದ್ದು," ಅಂದೆ. ಅವಳು ಒಂದು ಬಿಡಿಸಿಕೊಂಡಳು. ಚೀಸ್ ಉದ್ದಕ್ಕೆ ದಾರದಂತೆ ಎಳೆದುಕೊಂಡು ಬಂತು. ಅದನ್ನು ಬೆರಳಿಗೆ ಸುತ್ತಿ ಬಾಯಿಗೆ ಹಾಕಿಕೊಂಡಳು. ಎರಡನೆಯದನ್ನು ಕೇಳದೆಯೇ ತೆಗೆದುಕೊಂಡಳು. ಈ ಸಲ ಹಸಿವಿಲ್ಲ ಎನ್ನಲಿಲ್ಲ.

ಲೆಕ್ಕ ತಪ್ಪಿತು ಅನ್ನಿ. ಇಪ್ಪತ್ತನಾಲ್ಕೂ ಖಾಲಿ. ತಾತನಿಗೂ ಇಲ್ಲ, ನನಗೂ ಇಲ್ಲ. ನಾವಿಬ್ಬರೂ ರಾತ್ರಿ ಮೊಸರನ್ನ ತಿಂದು ಮಲಗಿದೆವು.

ಮಕ್ಕಳೇ, ಮುಂದಿನ ಸಲ ನಿಮ್ಮ ಮನೆಯಲ್ಲಿ ಪಾರ್ಟಿ ಎಂದರೆ ಬಲೂನಿನ ಚೀಟಿ ಬರೆಯುವ ಮೊದಲು ಬರುವವರ ಹೆಸರು ಬರೆಯಿರಿ, ಪಕ್ಕದಲ್ಲಿ ಅವರು ಏನು ತಿನ್ನುವುದಿಲ್ಲ ಎಂದು ಬರೆಯಿರಿ. ಅಜ್ಜ ಅಜ್ಜಿಯರೇ, ಆ ಫೋನ್ ಮಾಡುವ ಕೆಲಸ ನಿಮ್ಮದು. ನಾಚಿಕೊಳ್ಳುವ ಮಕ್ಕಳ ಪರವಾಗಿ ದೊಡ್ಡವರು ಕೇಳಿದರೆ ಸುಲಭ. ನನಗಂತೂ ಆ ಫೋನಿನಿಂದ ಒಬ್ಬ ಹೊಸ ಗೆಳತಿ ಸಿಕ್ಕಿದ್ದಾರೆ. ಬಾಳೆಕಾಯಿ ಕೋಫ್ತಾ ಹೇಳಿಕೊಡುತ್ತೇನೆ ಎಂದಿದ್ದಾರೆ. ಕಲಿತ ಮೇಲೆ ನಿಮಗೂ ಹೇಳುತ್ತೇನೆ.

ನಿಮ್ಮ ಪ್ರೀತಿಯ
ಅಡುಗೆಮನೆ ಅಜ್ಜಿ